ಉದ್ಯಾನಶಿಲ್ಪಿ ಕ್ರುಂಬಿಗಲ್

ಬೆಂಗಳೂರಿನ ವಾಯವ್ಯ ದಿಕ್ಕಿನಲ್ಲಿ, ತುಮಕೂರು ರಸ್ತೆಯ ಮಗ್ಗುಲಲ್ಲಿರುವ ಪೀಣ್ಯ ಇಂದು ಯಂತ್ರಗಳ ಊರು. ಒಂದು ಕಾಲಕ್ಕೆ ಹೊಲ, ತೋಪು, ಕೆರೆಗಳ ನಡುವೆ ಇದ್ದ ಈ ಹಳ್ಳಿಯು 1970ರ ದಶಕದ ಕೊನೆಯಿಂದೀಚೆಗೆ ಕೈಗಾರಿಕೆಗಳಿಗೆ ನೆಲೆಯಾಯಿತು. ರಾಗಿಯ ತೆನೆ ತೂಗುತ್ತಿದ್ದ ಕಡೆ ಲೇತು ಯಂತ್ರಗಳು ತಿರುಗತೊಡಗಿದವು. ಇಲ್ಲಿ ವಾರವೆಲ್ಲ ದುಡಿದ ಕಾರ್ಮಿಕನು ರಜೆಯ ದಿನ ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೊರಟನೆಂದರೆ, ಅವನ ಪಯಣ ಅನೇಕ ವೇಳೆ ಲಾಲ್‌ಬಾಗಿನ ಕಡೆಗೆ. ಎರಡು ದಿನ ಬಿಡುವಾದರೆ ಕನ್ನಂಬಾಡಿಯ ಬೃಂದಾವನದ ಕಡೆಗೆ. ಅಲ್ಲಿ ಟಿಕೆಟ್ಟಿನ ಸಾಲಿನಲ್ಲಿ ನಿಂತವರಿಗೆ, ಹುಲ್ಲಿನ ಮೇಲೆ ಬುತ್ತಿ ಬಿಚ್ಚಿ ಕುಳಿತವರಿಗೆ, ಈ ಚೆಲುವಿನ ಹಿಂದೆ ಯಾರ ಬುದ್ಧಿ, ಯಾರ ಬೆವರು ಇದೆಯೆಂಬ ಯೋಚನೆ ಬರುವುದು ಅಪರೂಪ. ಆ ಬುದ್ಧಿ ಬೆವರುಗಳಲ್ಲಿ ಬಹುಪಾಲು, ಏಳು ಸಾವಿರ ಕಿಲೋಮೀಟರಿಗೂ ದೂರದ ನಾಡಿನಿಂದ ಬಂದು ಕನ್ನಡದ ಮಣ್ಣಿನಲ್ಲಿ ಮಣ್ಣಾದ ಒಬ್ಬ ತೋಟಗಾರನದು. ಅವರೇ ಗುಸ್ತಾವ್ ಹರ್ಮನ್ ಕ್ರುಂಬಿಗಲ್.

ಕ್ರುಂಬಿಗಲ್ ಅವರು ಹುಟ್ಟಿದ್ದು 1865ನೆಯ ಇಸವಿ ಡಿಸೆಂಬರ್ 18ರಂದು, ಜರ್ಮನಿಯ ಸ್ಯಾಕ್ಸನಿ ಪ್ರಾಂತದ ಲೋಹ್ಮೆನ್ ಎಂಬ ಸಣ್ಣ ಊರಿನಲ್ಲಿ. ಅದು ಡ್ರೆಸ್ಡೆನ್ ನಗರಕ್ಕೆ ಹತ್ತಿರದ ಊರು. ಎಲ್ಬೆ ನದಿಯು ಬಂಡೆಬೆಟ್ಟಗಳ ನಡುವೆ ಬಳಸಿ ಹರಿಯುವ ಆ ಸೀಮೆ ಕಾಡಿಗೂ ತೋಟಕ್ಕೂ ಹೆಸರಾದದ್ದು. ಮೊದಲ ವಿದ್ಯಾಭ್ಯಾಸವನ್ನು ಮುಗಿಸಿದ ಬಾಲಕನು ತೋಟಗಾರಿಕೆಯನ್ನೇ ತನ್ನ ಬಾಳಿನ ಕಸುಬಾಗಿ ಆರಿಸಿಕೊಂಡನು. ಎಲ್ಬೆಯ ದಡದಲ್ಲಿಯೇ ಪಿಲ್ನಿಟ್ಸ್ ಎಂಬಲ್ಲಿ ಸ್ಯಾಕ್ಸನಿಯ ಅರಸರ ಅರಮನೆಯೂ ಅದರ ಉದ್ಯಾನವೂ ಇದ್ದವು. ಅಲ್ಲಿ ಆತನ ತರಬೇತಿ ನಡೆಯಿತು.

ತೋಟದ ವಿದ್ಯೆ ಪುಸ್ತಕದಿಂದ ಮಾತ್ರ ಬರುವಂಥದಲ್ಲ. ಮಣ್ಣನ್ನು ಹದಮಾಡುವುದು, ಪಾತಿ ಕಟ್ಟುವುದು, ಕಸಿ ಮಾಡುವುದು, ನೀರು ಎಷ್ಟು ಬೇಕು ಎಷ್ಟು ಬೇಡ ಎಂದು ಎಲೆಯ ಬಣ್ಣ ನೋಡಿ ಅರಿಯುವುದು, ಇವೆಲ್ಲ ಕೈಗೆ ಮಣ್ಣು ಮೆತ್ತಿಕೊಂಡೇ ಕಲಿಯಬೇಕಾದ ಪಾಠಗಳು. ತರುಣ ಕ್ರುಂಬಿಗಲ್ 1884ರಿಂದ ಶ್ವೆರಿನ್ ಎಂಬಲ್ಲಿ ದುಡಿದರು. 1888ರಲ್ಲಿ ಹ್ಯಾಂಬರ್ಗಿಗೆ ಹೋಗಿ ಉದ್ಯಾನಗಳ ವಿನ್ಯಾಸದ ಕೆಲಸದಲ್ಲಿ ತೊಡಗಿದರು. ಆದರೆ ಆ ಕಾಲದಲ್ಲಿ ಸಸ್ಯಶಾಸ್ತ್ರದಲ್ಲಿ ಆಸಕ್ತಿಯುಳ್ಳ ಯಾವ ತೋಟಗಾರನಿಗಾದರೂ ಕಣ್ಣು ನೆಟ್ಟಿರುತ್ತಿದ್ದುದು ಇಂಗ್ಲೆಂಡಿನ ಕ್ಯೂ ಉದ್ಯಾನದ ಮೇಲೆ. ಥೇಮ್ಸ್ ನದಿಯ ದಡದಲ್ಲಿರುವ ಆ ರಾಜೋದ್ಯಾನಕ್ಕೆ ಲೋಕದ ಮೂಲೆ ಮೂಲೆಗಳಿಂದ ಬೀಜಗಳೂ ಸಸಿಗಳೂ ಬಂದು ಸೇರುತ್ತಿದ್ದವು. ಅಲ್ಲಿಂದ ಮತ್ತೆ ಲೋಕಕ್ಕೆಲ್ಲ ಹರಡುತ್ತಿದ್ದವು. ಕ್ರುಂಬಿಗಲ್ ಅವರು ಇಂಗ್ಲೆಂಡಿಗೆ ತೆರಳಿ, ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಹೂವಿನ ಮಡಿಗಳನ್ನು ರೂಪಿಸುವ ಕೆಲಸ ಮಾಡಿ, ಬಳಿಕ ಕ್ಯೂ ಉದ್ಯಾನದ ಸಿಬ್ಬಂದಿಯಲ್ಲಿ ಒಬ್ಬರಾದರು.

ಕ್ಯೂ ಉದ್ಯಾನದ ಬಾಗಿಲು ಭಾರತಕ್ಕೂ ತೆರೆದಿತ್ತು. ಬಡೋದೆಯ ಮಹಾರಾಜರಾದ ಮೂರನೆಯ ಸಯಾಜಿರಾವ್ ಗಾಯಕವಾಡರು ತಮ್ಮ ಸಂಸ್ಥಾನವನ್ನು ಎಲ್ಲ ಬಗೆಯಲ್ಲಿಯೂ ಮುಂದಕ್ಕೆ ತರಬೇಕೆಂದು ಹಂಬಲಿಸಿದ ಅರಸರು. ವಿಶ್ವಾಮಿತ್ರಿ ನದಿಯ ದಡದಲ್ಲಿ 1879ರಲ್ಲಿ ಅವರು ನಿರ್ಮಿಸಿದ ಸಾರ್ವಜನಿಕ ಉದ್ಯಾನ ಇಂದಿಗೂ ಸಯಾಜಿ ಬಾಗ್ ಎಂದು ಪ್ರಸಿದ್ಧವಾಗಿದೆ. ಸಂಸ್ಥಾನದ ಉದ್ಯಾನಗಳನ್ನು ನೋಡಿಕೊಳ್ಳಲು ನುರಿತ ತಜ್ಞರೊಬ್ಬರು ಅವರಿಗೆ ಬೇಕಾಗಿದ್ದರು. 1893ರಲ್ಲಿ ಕ್ರುಂಬಿಗಲ್ ಬಡೋದೆಗೆ ಬಂದರು. ಆಗ ಅವರ ವಯಸ್ಸು ಇಪ್ಪತ್ತೇಳು. ತಾಯ್ನಾಡನ್ನೂ ತಮ್ಮ ವಿದ್ಯೆಯ ತವರಾದ ಕ್ಯೂ ಉದ್ಯಾನವನ್ನೂ ಬಿಟ್ಟು, ಬಿಸಿಲು ಬೇರೆ, ಮಳೆ ಬೇರೆ, ಮಣ್ಣು ಬೇರೆಯಾದ ದೇಶದಲ್ಲಿ ಮೊದಲಿನಿಂದ ಕಲಿಯಬೇಕಾಗಿತ್ತು. ಯೂರೋಪಿನಲ್ಲಿ ಹಿಮ ಕರಗಿದ ಮೇಲೆ ಬರುವ ವಸಂತ ಬೇರೆ. ಇಲ್ಲಿ ಎಲೆಯುದುರಿದ ಮರ ಉರಿಬಿಸಿಲಿನಲ್ಲಿಯೇ ಹೂವಾಗಿ ನಿಲ್ಲುವ ವಸಂತ ಬೇರೆ. ಈ ವ್ಯತ್ಯಾಸವನ್ನು ಕಂಡು ತಲೆದೂಗಿದ ಆ ತೋಟಗಾರ, ಮುಂದೆ ಅದನ್ನೇ ತನ್ನ ಕಲೆಯ ಬಂಡವಾಳವನ್ನಾಗಿ ಮಾಡಿಕೊಂಡರು.

ಅಂದಿನ ಮೈಸೂರು ಸಂಸ್ಥಾನದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಆಳುತ್ತಿದ್ದರು. ಬೆಂಗಳೂರಿನ ಲಾಲ್‌ಬಾಗು ಆ ಹೊತ್ತಿಗೆ ಒಂದೂವರೆ ಶತಮಾನದ ಇತಿಹಾಸವನ್ನು ಕಂಡಿತ್ತು. 1760ರಲ್ಲಿ ಹೈದರಾಲಿಯು ನಾಲ್ವತ್ತು ಎಕರೆಯಲ್ಲಿ ಆರಂಭಿಸಿದ ಈ ತೋಟವನ್ನು ಟಿಪ್ಪು ಸುಲ್ತಾನನು ಬೆಳೆಸಿದನು. 1856ರಲ್ಲಿ ಅದು ಸರ್ಕಾರಿ ಸಸ್ಯೋದ್ಯಾನವಾಯಿತು. 1874ರಿಂದ ಅದರ ಮೇಲ್ವಿಚಾರಕರಾಗಿದ್ದ ಜಾನ್ ಕ್ಯಾಮೆರಾನ್ ಅವರು ಉದ್ಯಾನವನ್ನು ವಿಸ್ತರಿಸಿ, ಗಾಜಿನ ಮನೆಯನ್ನು ಕಟ್ಟಿಸಿ, ಹೊಸ ಹೊಸ ತರಕಾರಿ ತಳಿಗಳನ್ನು ಬೆಳೆಸಿ ನೋಡಿ ಕೀರ್ತಿ ಪಡೆದಿದ್ದರು. 1908ರಲ್ಲಿ ಅವರು ನಿವೃತ್ತರಾದಾಗ ಆ ಸ್ಥಾನಕ್ಕೆ ಯಾರನ್ನು ತರುವುದೆಂಬ ಪ್ರಶ್ನೆ ಹುಟ್ಟಿತು. ಬಡೋದೆಯಲ್ಲಿ ಹೆಸರು ಗಳಿಸಿದ್ದ ಕ್ರುಂಬಿಗಲ್ ಅವರನ್ನು ಮೈಸೂರು ಬರಮಾಡಿಕೊಂಡಿತು. ಬ್ರಿಟಿಷರ ಅಧಿಕಾರವು ದೇಶೀಯ ಸಂಸ್ಥಾನಗಳ ತಲೆಯ ಮೇಲೆ ತೂಗುತ್ತಿದ್ದ ಆ ದಿನಗಳಲ್ಲಿ ಜರ್ಮನಿಯವನೊಬ್ಬನಿಗೆ ಇಂಥ ಹುದ್ದೆಯನ್ನು ಒಪ್ಪಿಸುವುದು ಸಣ್ಣ ಮಾತಾಗಿರಲಿಲ್ಲ. ಮೈಸೂರು ಹುಟ್ಟನ್ನು ನೋಡಲಿಲ್ಲ, ಕೆಲಸವನ್ನು ನೋಡಿತು.

ಇಲ್ಲಿಂದ ಮುಂದೆ 1932ರ ವರೆಗೆ, ಇಪ್ಪತ್ತನಾಲ್ಕು ವರ್ಷಗಳ ಕಾಲ, ಕ್ರುಂಬಿಗಲ್ ಅವರು ಮೈಸೂರು ಸಂಸ್ಥಾನದ ಸರ್ಕಾರಿ ಉದ್ಯಾನಗಳ ಹೊಣೆ ಹೊತ್ತರು. ಪರದೇಶಗಳ ಸಸ್ಯೋದ್ಯಾನಗಳೊಡನೆ ಬೀಜ ಮತ್ತು ಸಸಿಗಳ ವಿನಿಮಯವನ್ನು ಬೆಳೆಸಿ, ಲಾಲ್‌ಬಾಗಿಗೆ ಅನೇಕ ಹೊಸ ಗಿಡಮರಗಳನ್ನು ತಂದರು. ಆದರೆ ಅವರ ದೃಷ್ಟಿ ಕೇವಲ ಅಲಂಕಾರಕ್ಕೆ ಸೀಮಿತವಾಗಿರಲಿಲ್ಲ. ಹಣ್ಣು, ತರಕಾರಿ, ಮರಮುಟ್ಟು, ಮೇವು, ಎಣ್ಣೆ ಮೊದಲಾದ ಉಪಯುಕ್ತ ಬೆಳೆಗಳಲ್ಲಿ ಯಾವುದು ಈ ಮಣ್ಣಿಗೆ ಒಗ್ಗುತ್ತದೆ ಎಂದು ಪರೀಕ್ಷಿಸುವುದು ಲಾಲ್‌ಬಾಗಿನ ಕೆಲಸದ ಒಂದು ಭಾಗವೇ ಆಗಿತ್ತು. ರೈತನು ತನ್ನ ಹೊಲದಲ್ಲಿ ಪ್ರಯೋಗ ಮಾಡಿ ಸೋತರೆ ಅವನ ಮನೆಯವರು ಉಪವಾಸ ಬೀಳಬೇಕಾದೀತು. ಆ ಸೋಲನ್ನು ಸರ್ಕಾರಿ ತೋಟವೇ ಮೊದಲು ಅನುಭವಿಸಿ, ಗೆಲುವನ್ನು ಮಾತ್ರ ರೈತನಿಗೆ ತಲುಪಿಸಬೇಕು ಎಂಬುದು ಇಂಥ ಪ್ರಯೋಗಗಳ ಹಿಂದಿನ ತತ್ತ್ವ. 1912ರಲ್ಲಿ ಮೈಸೂರು ತೋಟಗಾರಿಕಾ ಸಂಘವು ಸ್ಥಾಪನೆಯಾಯಿತು. ಇಂದು ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವದ ಸಮಯದಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನಗಳ ಬೇರು ಈ ಸಂಘದಲ್ಲಿದೆ.

ಬೆಂಗಳೂರಿನ ಬೀದಿಗಳಿಗೆ ಕ್ರುಂಬಿಗಲ್ ಅವರು ಕೊಟ್ಟ ಕಾಣಿಕೆ ವಿಶೇಷವಾದದ್ದು. ಸಾಲುಮರ ನೆಡಿಸುವುದು ನಮ್ಮಲ್ಲಿ ಪುರಾತನವಾದ ಧರ್ಮ. ಅಶೋಕ ಚಕ್ರವರ್ತಿಯಿಂದ ಹಿಡಿದು ಹಳ್ಳಿಯ ಗೌಡನವರೆಗೆ ಅನೇಕರು ಅದನ್ನು ಪುಣ್ಯಕಾರ್ಯವೆಂದು ಮಾಡಿದ್ದಾರೆ. ಅಲ್ಲಿ ಮುಖ್ಯವಾದದ್ದು ನೆರಳು. ಕ್ರುಂಬಿಗಲ್ ಅವರು ನೆರಳಿಗೆ ಹೂವನ್ನು ಸೇರಿಸಿದರು. ಒಂದು ಬೀದಿಯ ಮರಗಳು ಹೂ ಮುಗಿಸುವ ಹೊತ್ತಿಗೆ ಇನ್ನೊಂದು ಬೀದಿಯ ಮರಗಳು ಅರಳತೊಡಗಬೇಕು. ವರ್ಷದ ಯಾವ ತಿಂಗಳಿನಲ್ಲಿಯೂ ನಗರ ಹೂವಿಲ್ಲದೆ ಇರಬಾರದು ಎಂಬ ಕ್ರಮದಲ್ಲಿ ಮರಗಳನ್ನು ಆರಿಸಿ ನೆಡಿಸುವ ಯೋಜನೆ ಅವರದು. ಇದಕ್ಕಾಗಿ ಪ್ರತಿಯೊಂದು ಮರದ ಸ್ವಭಾವವನ್ನೂ ಅರಿತಿರಬೇಕು. ಅದು ಯಾವಾಗ ಎಲೆ ಉದುರಿಸುತ್ತದೆ, ಯಾವಾಗ ಮೊಗ್ಗೊಡೆಯುತ್ತದೆ, ಎಷ್ಟು ಎತ್ತರ ಬೆಳೆಯುತ್ತದೆ, ಗಾಳಿಗೆ ಕೊಂಬೆ ಮುರಿಯುತ್ತದೆಯೇ, ಬೇರು ಗೋಡೆಯನ್ನು ಸೀಳುತ್ತದೆಯೇ ಎಂಬುದನ್ನೆಲ್ಲ ಲೆಕ್ಕ ಹಾಕಬೇಕು. ಇಂದಿಗೂ ಬೆಂಗಳೂರಿನಲ್ಲಿ ಚಳಿಗಾಲದಲ್ಲಿ ಗುಲಾಬಿ ಬಣ್ಣದ ಟಬೂಬಿಯ, ಅದರ ಹಿಂದೆಯೇ ಹಳದಿ ಟಬೂಬಿಯ, ಮಾರ್ಚ್ ತಿಂಗಳಿನಲ್ಲಿ ನೀಲಿಯ ಜಕರಂಡ, ಬೇಸಿಗೆಯಲ್ಲಿ ಕೆಂಡದಂಥ ಗುಲ್‌ಮೊಹರ್, ಮಳೆಗಾಲ ಕಳೆಯುತ್ತಿದ್ದಂತೆ ಆಕಾಶಮಲ್ಲಿಗೆ, ಹೀಗೆ ಒಂದಾದ ಮೇಲೊಂದು ಸರದಿಯ ಮೇಲೆ ಅರಳುತ್ತವೆ. ಈ ಮರಗಳೆಲ್ಲವನ್ನೂ ಅವರೊಬ್ಬರೇ ತಂದರೆಂದಾಗಲಿ ನೆಡಿಸಿದರೆಂದಾಗಲಿ ಹೇಳಲಾಗದು; ಅವರ ಹಿಂದಿನವರೂ ಮುಂದಿನವರೂ ಈ ಕೆಲಸದಲ್ಲಿ ಕೈಗೂಡಿಸಿದ್ದಾರೆ. ಆದರೆ ಊರೆಂಬುದನ್ನೇ ಒಂದು ತೋಟದಂತೆ, ವರ್ಷವೆಂಬುದನ್ನೇ ಒಂದು ಹೂಮಾಲೆಯಂತೆ ಕಂಡ ಆ ಕಣ್ಣು ಕ್ರುಂಬಿಗಲ್ ಅವರದು.

ಅವರ ಬಾಳಿನ ಅತ್ಯಂತ ಹೆಸರಾದ ಕೆಲಸ ನಡೆದದ್ದು ಬೆಂಗಳೂರಿನಲ್ಲಲ್ಲ, ಕಾವೇರಿಯ ದಡದಲ್ಲಿ. ಶ್ರೀರಂಗಪಟ್ಟಣದ ಆಸುಪಾಸಿನ ಕಾವೇರಿ ಬಯಲು ಬಹು ಹಿಂದಿನಿಂದಲೂ ಸಾಗುವಳಿಯ ನಾಡು. ಹಳೆಯ ಅರಸರು ನದಿಗೆ ಅಡ್ಡಲಾಗಿ ಕಲ್ಲಿನ ಅಣೆಗಳನ್ನು ಕಟ್ಟಿಸಿ, ಕಾಲುವೆಗಳನ್ನು ತೆಗೆಸಿ, ಆ ಬಯಲಿಗೆ ನೀರುಣಿಸಿದ್ದರು. ಅಲ್ಲಿ ತಲೆಮಾರುಗಳಿಂದ ಬೇಸಾಯಗಾರರು ಬಿತ್ತಿ ಬೆಳೆದು ಬಾಳುತ್ತಿದ್ದರು. 1911ರಲ್ಲಿ ಕನ್ನಂಬಾಡಿಯ ಬಳಿ ಕೃಷ್ಣರಾಜಸಾಗರದ ಕಟ್ಟೆಯ ಕೆಲಸ ಆರಂಭವಾದಾಗ ಆ ಬಯಲಿನ ಬದುಕು ಬದಲಾಯಿತು. ಕಟ್ಟೆಯ ಮೇಲ್ಭಾಗದ ಹಳ್ಳಿಗಳೂ ಹೊಲಗದ್ದೆಗಳೂ ನೀರಿನಲ್ಲಿ ಮುಳುಗಿದವು. ಕನ್ನಂಬಾಡಿ ಎಂಬ ಹಳೆಯ ಊರೇ ಮುಳುಗಿತು. ಅಲ್ಲಿಯ ಹೊಯ್ಸಳರ ಕಾಲದ ವೇಣುಗೋಪಾಲಸ್ವಾಮಿಯ ದೇವಾಲಯವೂ ನೀರಿನ ಪಾಲಾಯಿತು. ಅದನ್ನು ಬಿಚ್ಚಿ ತಂದು ಹೊಸ ಕನ್ನಂಬಾಡಿಯಲ್ಲಿ ಮರಳಿ ಕಟ್ಟಿದ್ದು ಇತ್ತೀಚಿನ ಮಾತು. ಮನೆಮಠ ಬಿಟ್ಟು ಎದ್ದುಹೋದವರ ನೋವನ್ನು ಮರೆತು ಕಟ್ಟೆಯ ಹಿರಿಮೆಯನ್ನು ಮಾತ್ರ ಹಾಡುವುದು ನ್ಯಾಯವಲ್ಲ. ಹಾಗೆಯೇ, ಆ ಕಟ್ಟೆಯ ನೀರು ಕಾಲುವೆಯಾಗಿ ಹರಿದು ಮಂಡ್ಯ ಸೀಮೆಯ ಒಣನೆಲವನ್ನು ಬತ್ತ ಕಬ್ಬುಗಳ ನಾಡನ್ನಾಗಿ ಮಾಡಿದ್ದನ್ನು ಮರೆಯುವುದೂ ನ್ಯಾಯವಲ್ಲ.

ಕಟ್ಟೆಯ ಕೆಳಗಿನ ಜಾಗದಲ್ಲಿ ಸುಮಾರು ಇಪ್ಪತ್ತು ವರ್ಷ ಕಲ್ಲು, ಸುರ್ಕಿ, ಗಾರೆಗಳ ಕೆಲಸವೇ ಕೆಲಸ. ಅಂಥ ನೆಲದಲ್ಲಿ ಒಂದು ಉದ್ಯಾನವನ್ನು ಮಾಡಬೇಕೆಂಬ ಯೋಚನೆ 1926ರಲ್ಲಿ ದಿವಾನರಾದ ಸರ್ ಮಿರ್ಜಾ ಇಸ್ಮಾಯಿಲ್ ಅವರದು. ಕಾಶ್ಮೀರದಲ್ಲಿ ಮೊಗಲ್ ಚಕ್ರವರ್ತಿ ಜಹಾಂಗೀರನು ಮಾಡಿಸಿದ ಶಾಲಿಮಾರ್ ತೋಟದ ಮಾದರಿ ಅವರ ಮನಸ್ಸಿನಲ್ಲಿತ್ತು. ಚೆಲುವು ಅರಮನೆಯ ಗೋಡೆಯೊಳಗೆ ಮಾತ್ರ ಇರಬೇಕಾದುದಲ್ಲ, ಅದು ಬಡವನಿಗೂ ಸಿಗಬೇಕು ಎಂಬ ನಂಬಿಕೆ ಮಿರ್ಜಾ ಅವರ ಆಡಳಿತದಲ್ಲಿ ಎದ್ದುಕಾಣುತ್ತದೆ. 1927ರಲ್ಲಿ ಕೆಲಸ ಪ್ರಾರಂಭವಾಯಿತು. ವಿನ್ಯಾಸದ ಹೊಣೆ ಕ್ರುಂಬಿಗಲ್ ಅವರ ಮೇಲೆ ಬಿತ್ತು. ಆಗ ಅವರಿಗೆ ಅರವತ್ತು ದಾಟಿತ್ತು.

ಕಟ್ಟೆಯ ಬುಡದಲ್ಲಿ ತೋಟ ಮಾಡುವುದರಲ್ಲಿ ಒಂದು ಅನುಕೂಲವಿತ್ತು, ಒಂದು ತೊಡಕೂ ಇತ್ತು. ಅನುಕೂಲವೆಂದರೆ ನೀರು. ಎತ್ತರದಲ್ಲಿ ನಿಂತ ಸಾಗರದ ನೀರು ಕೆಳಗಿಳಿಯುವಾಗ ತನ್ನ ಭಾರದಿಂದಲೇ ಕಾರಂಜಿಯಾಗಿ ಚಿಮ್ಮಬಲ್ಲದು. ಏತ ಬೇಡ, ಯಂತ್ರ ಬೇಡ. ತೊಡಕೆಂದರೆ ಆ ಬೃಹತ್ತಾದ ಕಲ್ಲಿನ ಗೋಡೆ. ಎರಡೂವರೆ ಕಿಲೋಮೀಟರಿಗೂ ಉದ್ದವಾದ ಕಟ್ಟೆಯ ಎದುರಿಗೆ ಯಾವ ಹೂವಿನ ಮಡಿಯಾದರೂ ಸಣ್ಣದಾಗಿ ಕಾಣದಿರದು. ಇದಕ್ಕೆ ಪರಿಹಾರ ಮೆಟ್ಟಿಲು ಮೆಟ್ಟಿಲಾದ ತೋಟ. ಹಂತ ಹಂತವಾಗಿ ನೆಲವನ್ನು ತಗ್ಗಿಸಿ, ನಡುವೆ ನೀರಿನ ಕಾಲುವೆ ಹರಿಸಿ, ಕಾಲುವೆಯ ಉದ್ದಕ್ಕೂ ಕಾರಂಜಿಗಳನ್ನಿಟ್ಟು, ಇಕ್ಕೆಲಗಳಲ್ಲಿ ಹುಲ್ಲು ಹಾಸು, ಕತ್ತರಿಸಿ ರೂಪುಗೊಳಿಸಿದ ಗಿಡಗಳು, ಹೂವಿನ ಮಡಿಗಳನ್ನು ಬೆಳೆಸಲಾಯಿತು. ನೋಡುವವನ ಕಣ್ಣು ನೀರಿನ ಜೊತೆಯಲ್ಲಿಯೇ ಇಳಿಯುತ್ತ ನದಿಯ ಕಡೆಗೆ ಸಾಗುತ್ತದೆ. ಕಲ್ಲಿನ ಗೋಡೆ ತೋಟಕ್ಕೆ ಹಿನ್ನೆಲೆಯಾಗಿ ನಿಲ್ಲುತ್ತದೆ. 1932ರಲ್ಲಿ ಕೆಲಸ ಮುಗಿಯಿತು. ಮೊದಲು ಕೃಷ್ಣರಾಜೇಂದ್ರರ ಹೆಸರನ್ನು ಹೊತ್ತಿದ್ದ ಈ ತೋಟವು ಬೃಂದಾವನವೆಂದು ಲೋಕಪ್ರಸಿದ್ಧವಾಯಿತು. ಅರವತ್ತು ಎಕರೆಯ ಈ ಉದ್ಯಾನಕ್ಕೆ ಸೇರಿದಂತೆ ಎಪ್ಪತ್ತೈದು ಎಕರೆಯ ಹಣ್ಣಿನ ತೋಟವೂ ಇದೆಯೆಂಬುದು ಗಮನಿಸಬೇಕಾದ ಸಂಗತಿ. ಹೂವಿನ ಪಕ್ಕದಲ್ಲಿ ಹಣ್ಣು, ನೋಟದ ಪಕ್ಕದಲ್ಲಿ ಊಟ.

ಅನ್ನ ಬೆಳೆಯಬಹುದಾದ ನೆಲದಲ್ಲಿ ಹೂವು ಬೆಳೆಯುವುದು ಸರಿಯೇ ಎಂಬ ಪ್ರಶ್ನೆ ಯಾರಿಗಾದರೂ ಏಳಬಹುದು. ಹಸಿದವನಿಗೆ ಹೂವನ್ನು ತೋರಿಸುವುದು ಧರ್ಮವಲ್ಲವೆಂಬುದು ನಿಜ. ಆದರೆ ಅನ್ನವೊಂದರಿಂದಲೇ ಮನುಷ್ಯನ ಬಾಳು ತುಂಬುವುದಿಲ್ಲವೆಂಬುದೂ ನಿಜ. ನಮ್ಮ ಬೇಸಾಯಗಾರರೇ ಇದನ್ನು ಚೆನ್ನಾಗಿ ಬಲ್ಲರು. ಗದ್ದೆಯ ಬದುವಿನಲ್ಲಿ ಚೆಂಡುಹೂವಿನ ನಾಲ್ಕು ಗಿಡ, ಬಾವಿಯ ಕಟ್ಟೆಯ ಬಳಿ ಮಲ್ಲಿಗೆಯ ಒಂದು ಬಳ್ಳಿ ಇಲ್ಲದ ರೈತನ ತೋಟ ಉಂಟೇ? ಅದೇ ನಾಲ್ಕು ಗಿಡವನ್ನು, ಅದೇ ಒಂದು ಬಳ್ಳಿಯನ್ನು ಒಂದು ನಾಡಿಗೆ ಸಾಲುವಷ್ಟು ದೊಡ್ಡದಾಗಿ ಬೆಳೆಸಿದರೆ ಅದು ಬೃಂದಾವನ. ಸಾವಿರಾರು ಎಕರೆಗೆ ನೀರುಣಿಸುವ ಕಟ್ಟೆಯ ಮಡಿಲಲ್ಲಿ ಅರವತ್ತು ಎಕರೆ ಕಣ್ಣಿಗೂ ಮನಸ್ಸಿಗೂ ಮೀಸಲಾದರೆ ಅದನ್ನು ದುಂದು ಎನ್ನಲಾಗದು. ಅದಕ್ಕೆ ಒಂದೇ ಕಟ್ಟಳೆ: ಆ ತೋಟದ ಬಾಗಿಲು ಎಲ್ಲರಿಗೂ ತೆರೆದಿರಬೇಕು.

1932ರಲ್ಲಿಯೇ ಕ್ರುಂಬಿಗಲ್ ಅವರು ಸೇವೆಯಿಂದ ನಿವೃತ್ತರಾದರು. ಅವರ ಸ್ಥಾನಕ್ಕೆ ಬಂದ ಎಚ್. ಸಿ. ಜವರಾಯರು ಆ ಹುದ್ದೆಯನ್ನು ಅಲಂಕರಿಸಿದ ಮೊದಲ ಭಾರತೀಯರು. ಪರದೇಶದ ವಿದ್ಯೆ ನೆಲದ ಮಕ್ಕಳ ಕೈಗೆ ಬಂದದ್ದು ಹೀಗೆ. ಮುಂದೆ ಡಾ. ಎಂ. ಎಚ್. ಮರಿಗೌಡರು ಆ ಪರಂಪರೆಯನ್ನು ರಾಜ್ಯದ ಮೂಲೆ ಮೂಲೆಗೆ ಕೊಂಡೊಯ್ದರು. ನಿವೃತ್ತಿಯ ಬಳಿಕ ಕ್ರುಂಬಿಗಲ್ ಅವರು ಹುಟ್ಟಿದೂರಿಗೆ ಹಿಂತಿರುಗಬಹುದಾಗಿತ್ತು, ಹಿಂತಿರುಗಲಿಲ್ಲ. ತಾವು ನೆಡಿಸಿದ ಸಸಿಗಳು ಮರವಾಗುತ್ತಿದ್ದ ಊರಿನಲ್ಲಿಯೇ ಉಳಿದರು. ತೋಟ ಮತ್ತು ನಗರ ನಿರ್ಮಾಣದ ವಿಷಯದಲ್ಲಿ ಸಲಹೆ ಕೇಳಿದವರಿಗೆ ಸಲಹೆ ಕೊಡುತ್ತ ಬಂದರು.

ಆದರೆ ಅವರ ಮುಪ್ಪಿನ ದಿನಗಳು ನೆಮ್ಮದಿಯಿಂದ ಸಾಗಲಿಲ್ಲ. 1939ರಲ್ಲಿ ಎರಡನೆಯ ಮಹಾಯುದ್ಧವು ಆರಂಭವಾಯಿತು. ಬ್ರಿಟನ್ನಿಗೂ ಜರ್ಮನಿಗೂ ಹಗೆ. ಭಾರತದಲ್ಲಿದ್ದ ಜರ್ಮನರೆಲ್ಲರೂ ಸರ್ಕಾರದ ಕಣ್ಣಿನಲ್ಲಿ ಶತ್ರುದೇಶದ ಪ್ರಜೆಗಳಾದರು. ಎಪ್ಪತ್ತು ದಾಟಿದ ಕ್ರುಂಬಿಗಲ್ ಅವರನ್ನೂ ಬಿಡಲಿಲ್ಲ. ಇತರ ಜರ್ಮನರ ಜೊತೆಯಲ್ಲಿ ಅವರನ್ನು ಶಿಬಿರದಲ್ಲಿ ಇರಿಸಲಾಯಿತು. ಭಾರತಕ್ಕೆ ಬಂದು ನಾಲ್ವತ್ತಾರು ವರ್ಷ ಕಳೆದಿತ್ತು. ಈ ನಾಡಿನ ದಾರಿಹೋಕನಿಗೆ ನೆರಳನ್ನೂ ಊರಿಗೆ ಹೂವನ್ನೂ ಕೊಟ್ಟಿದ್ದ ಕೈಗಳು ಅವು. ಹಗೆತನವು ಮನುಷ್ಯನ ಕೆಲಸವನ್ನು ನೋಡುವುದಿಲ್ಲ, ಹುಟ್ಟಿದ ಊರನ್ನು ಮಾತ್ರ ನೋಡುತ್ತದೆ. ಅವರು ನೆಡಿಸಿದ ಮರಗಳಿಗಾದರೋ ಈ ಭೇದ ತಿಳಿಯದು. ಅವುಗಳಲ್ಲಿ ಎಷ್ಟೋ ಮರಗಳು ಅವರಂತೆಯೇ ಹೊರನಾಡಿನಿಂದ ಬಂದವು. ಬ್ರೆಜಿಲಿನ ಸೀಮೆಯ ಮರ, ಮಡಗಾಸ್ಕರದ ಮರ, ಮಲೆನಾಡಿನ ಮರ ಒಂದೇ ಬೀದಿಯಲ್ಲಿ ನಿಂತು, ಒಂದೇ ಮಳೆಯನ್ನು ಕುಡಿದು, ದಾರಿಹೋಕನ ಜಾತಿ ದೇಶಗಳನ್ನು ಕೇಳದೆ ನೆರಳು ಕೊಡುತ್ತವೆ.

ಯುದ್ಧವು ಮುಗಿಯಿತು. ಅವರಿಗೆ ಕೆಲಸ ಕೊಟ್ಟ ಅರಸೊತ್ತಿಗೆ ಹೋಯಿತು, ಅವರನ್ನು ಶಿಬಿರದಲ್ಲಿಟ್ಟ ಬ್ರಿಟಿಷ್ ಆಳ್ವಿಕೆಯೂ ಹೋಯಿತು. ಕ್ರುಂಬಿಗಲ್ ಅವರು ಬೆಂಗಳೂರನ್ನು ಬಿಡಲಿಲ್ಲ. 1956ನೆಯ ಇಸವಿ ಫೆಬ್ರವರಿ 8ರಂದು, ತೊಂಬತ್ತು ವರ್ಷಗಳ ತುಂಬು ಬಾಳನ್ನು ಬಾಳಿ, ಇದೇ ನಗರದಲ್ಲಿ ಕಣ್ಣು ಮುಚ್ಚಿದರು. ಹೊಸೂರು ರಸ್ತೆಯ ಕ್ರೈಸ್ತ ಶ್ಮಶಾನದಲ್ಲಿ ಅವರ ಸಮಾಧಿಯಿದೆ. ಲಾಲ್‌ಬಾಗಿಗೆ ಹತ್ತಿರದ ಒಂದು ರಸ್ತೆಗೆ ಅವರ ಹೆಸರನ್ನಿಡಲಾಗಿದೆ. ಉಚ್ಚಾರಣೆಗೆ ತೊಡಕಾದ ಆ ಜರ್ಮನ್ ಹೆಸರು ಆಟೋ ಚಾಲಕರ, ಹೂ ಮಾರುವವರ ನಾಲಗೆಯ ಮೇಲೆ ಪಳಗಿ ಕನ್ನಡದ ಹೆಸರೇ ಆಗಿಹೋಗಿದೆ.

ಎಲ್ಬೆಯ ದಡದಲ್ಲಿ ಕಲಿತು, ಥೇಮ್ಸ್‌ನ ದಡದಲ್ಲಿ ನುರಿತು, ವಿಶ್ವಾಮಿತ್ರಿಯ ದಡದಲ್ಲಿ ದುಡಿದು, ಕಾವೇರಿಯ ದಡದಲ್ಲಿ ತಮ್ಮ ವಿದ್ಯೆಯನ್ನು ಧಾರೆಯೆರೆದ ಈ ತೋಟಗಾರನ ಬಾಳು ನಮಗೆ ಹೇಳುವ ಪಾಠವೊಂದಿದೆ. ಪೀಣ್ಯದ ಅನೇಕ ಮನೆಗಳಿಗೆ ಇಂದು ಕೊಳಾಯಿಯಲ್ಲಿ ಬರುವುದು ಕಾವೇರಿಯ ನೀರು. ಪೀಣ್ಯದಲ್ಲಿ ಬಿದ್ದ ಮಳೆಯೂ ಅಲ್ಲಿಯ ಕಾರ್ಖಾನೆಗಳು ಚೆಲ್ಲಿದ ಕೊಳೆಯೂ ವೃಷಭಾವತಿಯನ್ನು ಸೇರಿ, ಅರ್ಕಾವತಿಯಲ್ಲಿ ಕೂಡಿ, ಕೊನೆಗೆ ಸೇರುವುದು ಅದೇ ಕಾವೇರಿಯನ್ನು. ನಾವು ನದಿಯಿಂದ ಪಡೆಯುವುದೇನು, ನದಿಗೆ ಕೊಡುವುದೇನು? ಹೊಲ ಹೋಗಿ ಕಾರ್ಖಾನೆ ಬಂದದ್ದನ್ನು ತಡೆಯಲು ಎಲ್ಲ ವೇಳೆಯಲ್ಲಿಯೂ ಸಾಧ್ಯವಾಗದು. ಜನರಿಗೆ ಕೆಲಸ ಬೇಕು, ನಾಡಿಗೆ ಯಂತ್ರ ಬೇಕು. ಆದರೆ ಕಾರ್ಖಾನೆಯ ಅಂಗಳದಲ್ಲಿ ಒಂದು ಹೊಂಗೆಯ ಸಸಿಯನ್ನು ನೆಡಲು, ಬೀದಿಯ ಮರಕ್ಕೆ ಬೇಸಿಗೆಯಲ್ಲಿ ಒಂದು ಬಿಂದಿಗೆ ನೀರೆರೆಯಲು, ಕೆರೆಗೆ ಕೊಳೆ ಹರಿಯದಂತೆ ತಡೆಯಲು ಯಾರಪ್ಪಣೆಯೂ ಬೇಕಾಗಿಲ್ಲ.

ಮರ ನೆಡುವವನು ಅದರ ಪೂರ್ಣ ನೆರಳಿನಲ್ಲಿ ಕುಳಿತುಕೊಳ್ಳುವುದು ಅಪರೂಪ. ತಾನು ಕಾಣದವರಿಗಾಗಿ ನೆಡುವುದೇ ತೋಟಗಾರನ ಧರ್ಮ. ಅಂಥ ಧರ್ಮವನ್ನು ಬಾಳಿನ ಉದ್ದಕ್ಕೂ ಪಾಲಿಸಿದ ಕ್ರುಂಬಿಗಲ್ ಅವರು ಪರದೇಶದಲ್ಲಿ ಹುಟ್ಟಿದವರಾದರೂ, ಈ ನಾಡಿಗೆ ನೆರಳನ್ನು ಕೊಟ್ಟ ಮೇಲೆ ಈ ನಾಡಿನವರೇ ಆದರು.